ಈಜುಕೊಳದ ನೀರು ತಿಳಿಯಾಗಿದ್ದರೆ ಸಾಲದು: ಕ್ಲೋರಿನ್ ಸುರಿಯುವ ಮುನ್ನ ಪಿಎಚ್ ನೋಡಿ

ಲೋನಾವಾಲಾ, ಅಲಿಬಾಗ್‌ನ ವಾರಾಂತ್ಯದ ಮನೆಗಳಲ್ಲಿ, ಬೆಂಗಳೂರು, ಹೈದರಾಬಾದ್ ಹೊರವಲಯದ ತೋಟದ ಮನೆಗಳಲ್ಲಿ ಖಾಸಗಿ ಈಜುಕೊಳ ಈಗ ಅಪರೂಪವಲ್ಲ. ನೀರು ಹಸಿರಾದರೆ ಒಂದಿಷ್ಟು ಕ್ಲೋರಿನ್ ಸುರಿಯುವುದು, ನೀಲಿಯಾಗಿ ಕಂಡರೆ ಸುಮ್ಮನಾಗುವುದು, ಹಲವು ಕಡೆ ನಿರ್ವಹಣೆ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಪಿಎಚ್ ಹದ ತಪ್ಪಿದ್ದರೆ ಹಾಕಿದ ಕ್ಲೋರಿನ್‌ನ ಬಹುಪಾಲು ಕೆಲಸಕ್ಕೇ ಬರುವುದಿಲ್ಲ.

ಪಿಎಚ್ ಏಕೆ ಮುಖ್ಯ?

ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ರೋಗಾಣುಗಳನ್ನು ಬೇಗ ಕೊಲ್ಲುವುದು ಹೈಪೋಕ್ಲೋರಸ್ ಆಮ್ಲ. ಇನ್ನೊಂದು ರೂಪ ಬಹಳ ದುರ್ಬಲ. ಪಿಎಚ್ 7.5ರ ಆಸುಪಾಸಿನಲ್ಲಿ ಇವೆರಡೂ ಅರ್ಧರ್ಧ. ಪಿಎಚ್ 8ಕ್ಕೆ ಏರಿದರೆ ಬಲವಾದ ರೂಪ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಪಿಎಚ್ 7ಕ್ಕಿಂತ ಕೆಳಗಿಳಿದರೆ ಕಣ್ಣು ಉರಿಯುತ್ತದೆ, ಪಂಪ್ ಮತ್ತು ಏಣಿಯ ಲೋಹ ಸವೆಯುತ್ತದೆ. ಹಾಗಾಗಿ 7.2ರಿಂದ 7.8ರ ನಡುವೆ ಇಟ್ಟುಕೊಳ್ಳುವುದು ಸೂಕ್ತ.

ಇರಬೇಕಾದ ಪ್ರಮಾಣ

* ಮುಕ್ತ ಕ್ಲೋರಿನ್: ಕನಿಷ್ಠ 1 ಪಿಪಿಎಂ, ಸಯನೂರಿಕ್ ಆಮ್ಲ ಬಳಸುವ ಕೊಳದಲ್ಲಿ ಕನಿಷ್ಠ 2 ಪಿಪಿಎಂ
* ಒಟ್ಟು ಕ್ಷಾರೀಯತೆ: 80ರಿಂದ 120 ಪಿಪಿಎಂ
* ಕ್ಯಾಲ್ಸಿಯಂ ಗಡಸುತನ: 200ರಿಂದ 400 ಪಿಪಿಎಂ
* ಸಯನೂರಿಕ್ ಆಮ್ಲ: 30ರಿಂದ 50 ಪಿಪಿಎಂ

ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗದಂತೆ ತಡೆಯುವುದು ಸಯನೂರಿಕ್ ಆಮ್ಲ. ಟ್ರೈಕ್ಲೋರ್ ಮಾತ್ರೆಗಳಲ್ಲಿ ಇದು ಸೇರಿಯೇ ಬರುತ್ತದೆ. ಮಾತ್ರೆಯನ್ನೇ ನೆಚ್ಚಿಕೊಂಡರೆ ಇದು ನೀರಿನಲ್ಲಿ ಕೂಡುತ್ತಲೇ ಹೋಗಿ ಕ್ಲೋರಿನ್ ಕೆಲಸ ನಿಧಾನವಾಗುತ್ತದೆ. ಆಗ ಸ್ವಲ್ಪ ನೀರು ಹೊರಹಾಕಿ ಹೊಸ ನೀರು ತುಂಬುವುದೇ ಸುಲಭದ ದಾರಿ. ಆದರೆ ಗಡಸು ಬೋರ್‌ವೆಲ್ ನೀರು ತುಂಬಿದರೆ ಗೋಡೆ, ಪೈಪುಗಳಿಗೆ ಬಿಳಿ ಪದರ ಕಟ್ಟಬಹುದು. ಟ್ಯಾಂಕರ್ ನೀರಾದರೂ ತುಂಬುವ ಮುನ್ನ ಪರೀಕ್ಷಿಸುವುದು ಒಳ್ಳೆಯದು.

ಯಾವುದು ಮೊದಲು?

ಮೊದಲು ಕ್ಷಾರೀಯತೆ, ನಂತರ ಪಿಎಚ್, ಕೊನೆಗೆ ಕ್ಲೋರಿನ್. ಕ್ಷಾರೀಯತೆ ಕಡಿಮೆ ಇದ್ದರೆ ಪಿಎಚ್ ಒಂದೆಡೆ ನಿಲ್ಲದು. 10 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳದ ಕೊಳದಲ್ಲಿ 50,000 ಲೀಟರ್ ನೀರಿರುತ್ತದೆ. ಇದರ ಕ್ಷಾರೀಯತೆಯನ್ನು 10 ಪಿಪಿಎಂ ಏರಿಸಲು ಸುಮಾರು 840 ಗ್ರಾಂ ಅಡುಗೆ ಸೋಡಾ ಸಾಕು. 1 ಪಿಪಿಎಂ ಕ್ಲೋರಿನ್ ಏರಿಸಲು ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 77 ಗ್ರಾಂ ಬೇಕು. ಪ್ರತಿ ಸಲ ಹಾಕಿದ ಮೇಲೆ ಪಂಪ್ ಓಡಿಸಿ, ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ನೀರು ತಿಳಿಯಾಗಲು ಆಲಂ ಹಾಕಿದರೆ ಕ್ಷಾರೀಯತೆ, ಪಿಎಚ್ ಎರಡೂ ಇಳಿಯುತ್ತವೆ. ಅಡಿಕೆ ತೋಟದ ಬೋರ್ಡೊ ದ್ರಾವಣಕ್ಕೆ ಬಳಸುವ ಮೈಲುತುತ್ತ ಪಾಚಿಯನ್ನು ತಡೆದೀತು, ಕ್ಲೋರಿನ್‌ನ ಜಾಗ ತುಂಬದು.

ಘಾಟು ಬಂದರೆ ಏನರ್ಥ?

ಕೊಳದಿಂದ ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಗಿದೆ ಎಂದು ಭಾವಿಸುವವರೇ ಹೆಚ್ಚು. ನಿಜಕ್ಕೂ ಅದು ಬೆವರು, ಮೂತ್ರದೊಂದಿಗೆ ಕ್ಲೋರಿನ್ ಬೆರೆತು ಆಗುವ ಕ್ಲೋರಮೈನ್‌ನ ವಾಸನೆ. ಕಣ್ಣು ಕೆಂಪಾಗುವುದಕ್ಕೂ ಇದು ಕಾರಣ. ನೀರಿಗಿಳಿಯುವ ಮುನ್ನ ಸ್ನಾನ ಮಾಡುವ ನಿಯಮ ಇರುವುದು ಇದಕ್ಕಾಗಿಯೇ. ಹಳದಿ ಬಣ್ಣ ತೋರಿಸುವ ಅಗ್ಗದ ಓಟಿಒ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಗುಲಾಬಿ ಬಣ್ಣದ ಡಿಪಿಡಿ ಕಿಟ್‌ನಲ್ಲಿ ಮುಕ್ತ ಕ್ಲೋರಿನ್ ಬೇರೆಯಾಗಿ ತಿಳಿಯುತ್ತದೆ.

ಈ ತಪ್ಪು ಮಾಡಬೇಡಿ

* ಆಮ್ಲವನ್ನು ನೀರಿಗೆ ಹಾಕಬೇಕು, ಆಮ್ಲಕ್ಕೆ ನೀರು ಸುರಿಯಬಾರದು.
* ಆಮ್ಲ ಮತ್ತು ಕ್ಲೋರಿನ್ ಪುಡಿ ಒಂದಕ್ಕೊಂದು ತಾಗಿದರೆ ವಿಷಾನಿಲ ಹೊಮ್ಮುತ್ತದೆ. ಇವೆರಡನ್ನೂ ದೂರ ದೂರ ಇಡಿ.
* ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬೆರೆತರೆ ಬೆಂಕಿ, ಸ್ಫೋಟದ ಅಪಾಯವಿದೆ. ಎರಡಕ್ಕೂ ಒಂದೇ ಅಳತೆ ಲೋಟ ಬೇಡ.
* ಕೈಗವಸು, ಕನ್ನಡಕ ಧರಿಸಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಭೇದಿಯಾಗುತ್ತಿರುವವರು ನೀರಿಗಿಳಿಯಲೇಬಾರದು. ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ವಾರಕ್ಕೂ ಹೆಚ್ಚು ಕಾಲ ಬದುಕಬಲ್ಲದು.

ಜೋರು ಮಳೆ ಬಂದ ಮೇಲೆ, ನೆಂಟರಿಷ್ಟರು ಗುಂಪಾಗಿ ಈಜಿದ ಮೇಲೆ ಮರುದಿನವೇ ಪರೀಕ್ಷೆ ಮಾಡಿ. ಉಳಿದಂತೆ ಕೊಳ ಬಳಸುವ ಪ್ರತಿ ದಿನ ಪಿಎಚ್ ಮತ್ತು ಕ್ಲೋರಿನ್, ವಾರಕ್ಕೊಮ್ಮೆ ಕ್ಷಾರೀಯತೆ ನೋಡಿದರೆ ಸಾಕು. ಕೊಳದ ತಳದ ಜಾಲರಿ ಮೇಲಿನಿಂದ ಸ್ಪಷ್ಟವಾಗಿ ಕಾಣದಿದ್ದರೆ ಮಾತ್ರ, ಕಿಟ್ ಏನೇ ಹೇಳಲಿ, ಅಂದು ಯಾರನ್ನೂ ನೀರಿಗಿಳಿಸಬೇಡಿ. ಅಂಥ ನೀರಿನಲ್ಲಿ ಮುಳುಗುತ್ತಿರುವ ಮಗು ಕಣ್ಣಿಗೆ ಬೀಳುವುದಿಲ್ಲ.