ಪ್ರವೇಶ ಉಚಿತ, ಊಟಕ್ಕೆ ಚೀಟಿ

1980ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಶಿಕಾಗೊದ ಮಿಶಿಗನ್ ಅವೆನ್ಯೂದಲ್ಲಿ ವಾಹನ ಸಂಚಾರ ನಿಲ್ಲಿಸಿ, ಊರಿನ ಹೋಟೆಲಿನವರು ರಸ್ತೆಯ ಮೇಲೆಯೇ ಮಳಿಗೆ ಹಾಕಿದ್ದರು. ಒಂದು ಲಕ್ಷ ಜನ ಬಂದಾರು ಎಂಬ ಅಂದಾಜಿತ್ತು. ಬಂದವರು ಎರಡೂವರೆ ಲಕ್ಷ. ತಿಂಡಿ, ಪಾನೀಯಗಳ ವ್ಯಾಪಾರ 3 ಲಕ್ಷ ಡಾಲರು ಮುಟ್ಟಿತು. ‘ಟೇಸ್ಟ್ ಆಫ್ ಶಿಕಾಗೊ’ ಎಂಬ ಬೇಸಿಗೆಯ ಊಟದ ಜಾತ್ರೆ ಶುರುವಾದದ್ದು ಹೀಗೆ.

ಯೋಚನೆ ಆರ್ನಿ ಮಾರ್ಟನ್ ಎಂಬ ಹೋಟೆಲು ಉದ್ಯಮಿ ಮತ್ತು ಅವರ ಸಂಗಡಿಗರದು. ಒಪ್ಪಿಗೆ ಕೊಟ್ಟವರು ಮೇಯರ್ ಜೇನ್ ಬರ್ನ್. ಬರ್ನ್ ಅಧಿಕಾರಕ್ಕೆ ಬಂದದ್ದೇ ಒಂದು ಸೋಜಿಗ. 1979ರ ಜನವರಿಯಲ್ಲಿ ಬಿದ್ದ ಹಿಮಕ್ಕೆ ಊರಿಗೆ ಊರೇ ಸ್ಥಗಿತವಾಯಿತು. ಹಿಮ ತೆಗೆಸಲಾಗದ ಮೇಯರ್ ಸೋತರು, ನಗರಕ್ಕೆ ಮೊದಲ ಮಹಿಳಾ ಮೇಯರ್ ಸಿಕ್ಕರು. ಆದರೆ ಕೈಗೆ ಬಂದ ಊರು ಬಡವಾಗುತ್ತಿತ್ತು. 1980ರ ಮಾರ್ಚಿನಲ್ಲಿ ದಕ್ಷಿಣ ಭಾಗದ ವಿಸ್ಕಾನ್ಸಿನ್ ಸ್ಟೀಲ್ ಕಾರ್ಖಾನೆ ದಿಢೀರನೆ ಬಾಗಿಲು ಹಾಕಿ 3,000ಕ್ಕೂ ಹೆಚ್ಚು ಜನರ ಕೆಲಸ ಹೋಗಿತ್ತು. ಮೂರು ತಿಂಗಳ ಮೇಲೆ ಊಟದ ಜಾತ್ರೆ! ವ್ಯಂಗ್ಯ ಮಾಡುವುದು ಸುಲಭ. ಆದರೆ ರಜಾದಿನ ಮಕ್ಕಳನ್ನು ಕಟ್ಟಿಕೊಂಡು ಕಾಸಿಲ್ಲದೆ ಹೋಗಬಹುದಾದ ಜಾಗವೊಂದು ಬೇಕಾಗಿದ್ದದ್ದು ಇಂಥ ವರ್ಷದಲ್ಲೇ ಅಲ್ಲವೆ?

ಮರುವರ್ಷ ಜಾತ್ರೆ ಮಿಶಿಗನ್ ಸರೋವರದ ದಂಡೆಯ ಗ್ರಾಂಟ್ ಪಾರ್ಕಿಗೆ ಬಂತು. ಈ ನೆಲದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. 1836ರ ನಕ್ಷೆಯಲ್ಲೇ ದಂಡೆಯ ಈ ಜಾಗ ಸಾರ್ವಜನಿಕರದು, ಇಲ್ಲಿ ಕಟ್ಟಡ ಏಳಬಾರದು ಎಂದು ಬರೆದಿಟ್ಟಿದ್ದರು. 1871ರ ಬೆಂಕಿಯಲ್ಲಿ ಊರು ಸುಟ್ಟಾಗ ಅವಶೇಷವನ್ನೆಲ್ಲ ತಂದು ನೀರಿಗೆ ಸುರಿದರು, ನೆಲ ಬೆಳೆಯಿತು. ಬೆಳೆದ ನೆಲದ ಮೇಲೆ ಎಲ್ಲರಿಗೂ ಕಣ್ಣು. ಆಗ ಅಂಚೆಯಲ್ಲಿ ಸಾಮಾನು ಮಾರುವ ಕಂಪನಿಯ ಒಡೆಯ ಮಾಂಟ್ಗೊಮರಿ ವಾರ್ಡ್ ಹಳೆಯ ನಕ್ಷೆ ಹಿಡಿದು ಕೋರ್ಟಿಗೆ ಹೋದ. 1890ರಿಂದ ಸುಮಾರು ಇಪ್ಪತ್ತು ವರ್ಷ ವ್ಯಾಜ್ಯ ಮಾಡಿ, ಪತ್ರಿಕೆಗಳಿಂದ ಬೈಸಿಕೊಂಡು, ಬಯಲನ್ನು ಉಳಿಸಿದ. ಅವನು ಒಪ್ಪಿದ ಒಂದು ಕಟ್ಟಡ ಆರ್ಟ್ ಇನ್‌ಸ್ಟಿಟ್ಯೂಟ್. 1893ರಲ್ಲಿ ಸರ್ವಧರ್ಮ ಸಮ್ಮೇಳನ ನಡೆದು, ವಿವೇಕಾನಂದರು ಮಾತಾಡಿದ್ದು ಅಲ್ಲೇ.

ಜಾತ್ರೆಯ ಏರ್ಪಾಡು ಸರಳ. ಬಾಗಿಲಲ್ಲಿ ದುಡ್ಡಿಲ್ಲ. ಒಳಗೆ ಚೀಟಿಗಳ ಪಟ್ಟಿ ಕೊಂಡು, ಮಳಿಗೆಯಲ್ಲಿ ಒಂದೊಂದೇ ಹರಿದು ಕೊಡಬೇಕಿತ್ತು. ಪೂರ್ತಿ ತಟ್ಟೆಯಲ್ಲದೆ ‘ರುಚಿ’ಯಷ್ಟೇ ಇರುವ ಸಣ್ಣ ಪಾಲೂ ಸಿಗುತ್ತಿತ್ತು. ನನ್ನ ಮಟ್ಟಿಗೆ ಜಾತ್ರೆಯ ಜಾಣತನವೆಲ್ಲ ಈ ಸಣ್ಣ ಪಾಲಿನಲ್ಲಿದೆ. ದುಬಾರಿ ಹೋಟೆಲಿನ ಮೆಟ್ಟಿಲು ಹತ್ತದವರೂ ಅದರ ಒಂದು ತುತ್ತು ತಿನ್ನಬಹುದು. ಕಾಲಿಡಲು ಅಂಜುವ ಬಡಾವಣೆಯ ಅಡುಗೆಯನ್ನೂ ಬಾಯಿಗಿಡಬಹುದು. ಗಸಗಸೆ ಉದುರಿಸಿದ ಬನ್ನಿನ ಹಾಟ್ ಡಾಗ್ 1893ರ ಮೇಳದಲ್ಲಿ ಸಾಸೇಜ್ ಮಾರಿದ ಯಹೂದಿ ವಲಸಿಗರ ವಂಶದ್ದು. ಗಟ್ಟಿ ಮಾಂಸವನ್ನು ನಿಧಾನವಾಗಿ ಬೇಯಿಸಿ, ಎಲೆಯಷ್ಟು ತೆಳ್ಳಗೆ ಕೊಯ್ದು, ರಸದಲ್ಲಿ ನೆನೆಸುವ ಬೀಫ್ ಸ್ಯಾಂಡ್‌ವಿಚ್ ಇಟಲಿಯ ಕೂಲಿಕಾರರದು. ಕೆಂಡದ ಮೇಲಿನ ಪಕ್ಕೆಲುಬು ದಕ್ಷಿಣದ ರಾಜ್ಯಗಳಿಂದ ರೈಲು ಹತ್ತಿ ಬಂದ ಕಪ್ಪು ಜನರದು. ಈ ಜನರೆಲ್ಲ ಊರಲ್ಲಿ ಬೇರೆಬೇರೆ ಕೇರಿಗಳಲ್ಲಿದ್ದವರು.

ಕೇರಿಗಳ ನಡುವಿನ ಗೋಡೆ ಊಟದಿಂದ ಕರಗಿತು ಎನ್ನಲಾರೆ. 1982ರಲ್ಲಿ ಸರ್ಕಾರಿ ವಸತಿ ಮಂಡಳಿಯಿಂದ ಕಪ್ಪು ಸದಸ್ಯರನ್ನು ಬಿಟ್ಟು ಬಿಳಿಯರನ್ನು ಬರ್ನ್ ನೇಮಿಸಿದಾಗ, ಜೆಸ್ಸಿ ಜಾಕ್ಸನ್ ನಗರದ ಇನ್ನೊಂದು ಬೇಸಿಗೆ ಉತ್ಸವ ‘ಶಿಕಾಗೊಫೆಸ್ಟ್’ ಬಹಿಷ್ಕರಿಸಲು ಕರೆ ಕೊಟ್ಟರು. ಗಾಯಕ ಸ್ಟೀವಿ ವಂಡರ್ ಹಿಂದೆ ಸರಿದರು. ಆ ಸಿಟ್ಟೇ ಮತದಾರರ ನೋಂದಣಿಯಾಗಿ ಬೆಳೆದು 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಮೊದಲ ಕಪ್ಪು ಮೇಯರ್ ಆದರು. ಶಿಕಾಗೊಫೆಸ್ಟ್ ಅದೇ ವರ್ಷಕ್ಕೆ ಮುಗಿಯಿತು. ಊಟದ ಜಾತ್ರೆ ಉಳಿದು ಹತ್ತು ದಿನಗಳ ಹಬ್ಬವಾಯಿತು; ಒಂದು ಕಾಲಕ್ಕೆ ಬರುವವರ ಸಂಖ್ಯೆ 30 ಲಕ್ಷ ದಾಟಿತು.

ಆಮೇಲೆ ಕೆಟ್ಟ ವರ್ಷಗಳು. 2007ರಲ್ಲಿ ಒಂದು ಮಳಿಗೆಯ ತಿನಿಸಿನಿಂದ 700ಕ್ಕೂ ಹೆಚ್ಚು ಜನ ಸಾಲ್ಮೊನೆಲ್ಲಾ ತಗುಲಿ ಮಲಗಿದರು. 2008ರ ಜುಲೈ 3ರಂದು ಬಾಣಬಿರುಸು ಮುಗಿದು ಜನ ಚದುರುವಾಗ ಗುಂಡು ಹಾರಿ ಒಬ್ಬ ಸತ್ತ. ನಗರದ ಬೊಕ್ಕಸವೂ ಬರಿದಾಗಿ, ಜಾತ್ರೆಯನ್ನು ಖಾಸಗಿಯವರಿಗೆ ಕೊಡುವ ಮಾತು ಬಂತು. ಬಂದ ಟೆಂಡರಿನಲ್ಲಿ ಪ್ರವೇಶ ಶುಲ್ಕದ ಷರತ್ತಿತ್ತು. ನಗರ ಅದನ್ನು ತಿರಸ್ಕರಿಸಿತು. ವಾರ್ಡ್ ಇದ್ದಿದ್ದರೆ ಮೆಚ್ಚುತ್ತಿದ್ದ. ಆದರೆ ಶುಲ್ಕವಿಲ್ಲದ ಜಾತ್ರೆ ಸಣ್ಣದಾಗಲೇಬೇಕಾಯಿತು: 2012ರಲ್ಲಿ ಹತ್ತು ದಿನ ಐದಾಯಿತು, ಸ್ವಾತಂತ್ರ್ಯ ದಿನದ ನಂಟು ಕಡಿದು ಜುಲೈ ನಡುವಿಗೆ ಸರಿಯಿತು.

2023ರಲ್ಲಿ ಜುಲೈ ಕೂಡ ಹೋಯಿತು. ಗ್ರಾಂಟ್ ಪಾರ್ಕಿನ ಸುತ್ತಣ ಬೀದಿಗಳಲ್ಲಿ ನಾಸ್ಕಾರ್ ಕಾರ್ ರೇಸ್ ಬಂತು, ಬೇಲಿ ಎದ್ದಿತು, ಒಳಹೋಗಲು ದುಬಾರಿ ಟಿಕೆಟ್. ಊಟದ ಜಾತ್ರೆಯನ್ನು ಸೆಪ್ಟೆಂಬರಿನ ಮೂರು ದಿನಕ್ಕೆ ತಳ್ಳಿದರು. ಶಾಲೆ ಶುರುವಾದ ಮೇಲಿನ ಬೇಸಿಗೆ ಜಾತ್ರೆ!

ಅದೇ ವರ್ಷ ಬೇಸಿಗೆಯಲ್ಲಿ ಜಾತ್ರೆಯ ತುಣುಕುಗಳನ್ನು ಬಡಾವಣೆಗಳ ಉದ್ಯಾನಗಳಿಗೆ ಒಯ್ದರು: ಹಂಬೋಲ್ಟ್, ಪುಲ್ಮನ್, ಮಾರ್ಕೆಟ್. ಇದರಲ್ಲಿ ಕೊನೆಯದು ನಮ್ಮ ಮಾರುಕಟ್ಟೆಯಲ್ಲ, ಮಾರ್ಕೆಟ್ ಎಂಬ ಫ್ರೆಂಚ್ ಪಾದ್ರಿಯ ಹೆಸರಿನ ಉದ್ಯಾನ. ಕಪ್ಪು ಜನರಿಗೂ ಎಲ್ಲೆಡೆ ಮನೆ ಸಿಗಬೇಕೆಂದು 1966ರ ಆಗಸ್ಟ್ 5ರಂದು ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ಅವರ ತಲೆಗೆ ಬಿಳಿಯರ ಗುಂಪಿನಿಂದ ಕಲ್ಲು ಬಡಿದದ್ದು ಅಲ್ಲಿ. ಈಗ ಅದೇ ಹುಲ್ಲಿನ ಮೇಲೆ ಮಳಿಗೆ ಹಾಕಿದ್ದರು. ಪ್ರವೇಶಕ್ಕೆ ಕಾಸಿರಲಿಲ್ಲ.