ಎತ್ತು ಯಾರದು? ಲಾರಿಗಿಂತ ಮುಂಚಿನ ದಾರಿ ಸಂಸಾರಗಳು

ವಿದುರಾಶ್ವತ್ಥ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಎರಡು. ಒಂದು, ಅಲ್ಲಿ ಸಾಲುಸಾಲಾಗಿ ನಿಂತ ನಾಗರ ಕಲ್ಲುಗಳು. ಇನ್ನೊಂದು, 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೋಲೀಸರು ಹಾರಿಸಿದ ಗುಂಡು. ಎರಡರ ಬಗ್ಗೆಯೂ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಇವತ್ತು ಬರೆಯಲು ಹೊರಟಿರುವುದು ಆ ಕಡೆಯ ದಾರಿಯ ಬಗ್ಗೆ, ದಾರಿಯಲ್ಲೇ ಸಂಸಾರ ಮಾಡಿದವರ ಬಗ್ಗೆ.

ದೊಡ್ಡಬಳ್ಳಾಪುರ, ಗೌರಿಬಿದನೂರು ದಾಟಿ ಹಿಂದೂಪುರದ ಕಡೆಗೆ ಹೋಗುವ ಲಾರಿಗಳನ್ನು ನೀವು ನೋಡಿರುತ್ತೀರಿ. ಎದುರಿಗೆ ನಿಂಬೆಹಣ್ಣು ಮೆಣಸಿನಕಾಯಿ, ಗಾಜಿನ ಮೇಲೆ ದೇವರು, ಹಿಂದೆ ಮುಂದೆ ಮಕ್ಕಳ ಹೆಸರು. ಹೆಸರು ಲಾರಿಯ ಹಣೆಯ ಮೇಲೆ, ಹೆಸರಿನವರು ಮಾತ್ರ ಊರಿನಲ್ಲಿ! ಕ್ಯಾಬಿನ್ನಿನಲ್ಲಿ ಡ್ರೈವರು, ಜೊತೆಗೊಬ್ಬ ಕ್ಲೀನರು. ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ವರ್ಷವಿಡೀ ಗಂಡನ ಜೊತೆ ಲೋಡು ಹೊತ್ತು ತಿರುಗುವುದನ್ನು ನಮ್ಮ ಕಡೆ ಯಾರೂ ಊಹಿಸಿಕೊಳ್ಳುವುದೂ ಇಲ್ಲ.

ಅಮೆರಿಕದಲ್ಲಿ ಇದು ಇದೆ. ಗಂಡ ಹೆಂಡತಿ ಇಬ್ಬರೂ ಲೈಸೆನ್ಸ್ ಮಾಡಿಸಿ, ಮನೆಯನ್ನೇ ಬಿಟ್ಟು, ಟ್ರಕ್ಕಿನ ಹಿಂಬದಿಯ ಹಾಸಿಗೆಯನ್ನೇ ಮನೆ ಮಾಡಿಕೊಂಡವರಿದ್ದಾರೆ. ಕಾರಣ ಬರೀ ಪ್ರೀತಿಯಲ್ಲ, ಲೆಕ್ಕ :) ಸರಕು ಸಾಗಿಸುವ ಡ್ರೈವರ್ ಒಂದು ಪಾಳಿಯಲ್ಲಿ 11 ಗಂಟೆಗಿಂತ ಹೆಚ್ಚು ಓಡಿಸಬಾರದು ಅಂತ ಅಲ್ಲಿ ಕಾನೂನಿದೆ. ಇಬ್ಬರಿದ್ದರೆ ಒಬ್ಬರು ಮಲಗಿದಾಗ ಇನ್ನೊಬ್ಬರು ಓಡಿಸಬಹುದು, ಗಾಡಿ ನಿಲ್ಲುವುದೇ ಇಲ್ಲ.

ಇದನ್ನು ಕೇಳಿದವರು "ಅದೆಲ್ಲ ಅವರಿಗೆ ಸರಿ, ನಮ್ಮಲ್ಲಿ ಎಲ್ಲಿ" ಅನ್ನುತ್ತಾರೆ. ನಮ್ಮಲ್ಲೂ ಇತ್ತು ಸ್ವಾಮಿ. ಅಮೆರಿಕ ಅನ್ನುವ ದೇಶ ಹುಟ್ಟುವ ಮುಂಚೆಯೇ ಇತ್ತು. ಅವರನ್ನು ನಾವು ಲಂಬಾಣಿ, ಲಮಾಣಿ, ಬಂಜಾರ ಅನ್ನುತ್ತೇವೆ. ಹಿಂದೂಪುರದ ಕಡೆ ತೆಲುಗಿನಲ್ಲಿ ಸುಗಾಲಿ, ಲಂಬಾಡಿ ಅನ್ನುತ್ತಾರೆ.

ಪೀಟರ್ ಮಂಡಿ ಅಂತ ಒಬ್ಬ ಇಂಗ್ಲಿಷ್ ವ್ಯಾಪಾರಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ ಒಂದು ಬಂಜಾರ ತಾಂಡಾವನ್ನು ಕಂಡ. ಅದರಲ್ಲಿ 14,000 ಹೇರೆತ್ತುಗಳು, ಎಲ್ಲದರ ಮೇಲೂ ಧಾನ್ಯ. ಇಂಥ ತಾಂಡಾದಲ್ಲಿ ಹೆಂಡತಿ ಮಕ್ಕಳೆಲ್ಲ ಸೇರಿ ಆರೇಳು ನೂರು ಜನ ಇರಬಹುದು ಅಂತ ಅವನ ಲೆಕ್ಕ. ಭಾಗಿಸಿ ನೋಡಿ. ತಲೆಗೆ ಇಪ್ಪತ್ತು ಎತ್ತು, ಅದೂ ಮಕ್ಕಳನ್ನು ಸೇರಿಸಿ! ಹೇರುವುದು ಅಂದರೆ ಎತ್ತಿನ ಎರಡೂ ಪಕ್ಕಕ್ಕೆ ಗೋಣಿ ತೂಗುಹಾಕುವುದು. ಬೆಳಿಗ್ಗೆ ಹೇರಬೇಕು, ಬಿಡಾರದಲ್ಲಿ ಇಳಿಸಬೇಕು. ಹೆಂಗಸರ ಕೈ ಇಲ್ಲದೆ ಆಗುವ ಕೆಲಸವೇ ಅಲ್ಲ. ಹೆಂಡತಿ ಜೊತೆಗೆ ಬಂದವಳಲ್ಲ, ಕಸುಬಿನ ಅರ್ಧ ಅವಳು.

ಸಂಸಾರ ಸಮೇತ ಹೋಗುತ್ತಿದ್ದದ್ದು ಯಾಕೆ? ಮಂಡಿಯೇ ಹೇಳುವಂತೆ ತಾಂಡಾ ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ಅಂದರೆ ಹತ್ತು ಹನ್ನೊಂದು ಕಿಲೋಮೀಟರ್. ಆ ಲೆಕ್ಕದಲ್ಲಿ ಬೆಂಗಳೂರಿನಿಂದ ಗೌರಿಬಿದನೂರಿಗೆ ಒಂದು ವಾರ. ಇದು ಸೋಮಾರಿತನ ಅಲ್ಲ, ಜಾಣತನ. ಎತ್ತುಗಳು ದಾರಿಯುದ್ದಕ್ಕೂ ಮೇಯುತ್ತಿದ್ದವು, ಮೇವಿಗೆ ಕಾಸು ಖರ್ಚಿಲ್ಲ, ಹಾಗಾಗಿ ಸಾಗಣೆ ಅಗ್ಗ. ಆದರೆ ಮೇಯಿಸುತ್ತಾ ಹೋದರೆ ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ಬಿಟ್ಟಿರಲು ಆಗದಿದ್ದರೆ ಮನೆಯನ್ನೇ ಹೊರಡಿಸಬೇಕು. ಅಮೆರಿಕದ ದಂಪತಿಗಳು ಗಾಡಿ ನಿಲ್ಲಬಾರದು ಅಂತ ಜೊತೆಗಿದ್ದರೆ, ಇವರು ಎತ್ತು ದಿನಾ ನಿಲ್ಲಲೇಬೇಕು ಅಂತ ಜೊತೆಗಿದ್ದರು.

ಮಂಡಿ ಬರೆದಿರುವ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಎತ್ತುಗಳು ಅವರ ಸ್ವಂತದ್ದು. ಕೆಲವು ಸಲ ವರ್ತಕರಿಗೆ ಬಾಡಿಗೆಗೆ ಹೋದರೂ, ಬಹುತೇಕ ಅವರೇ ವರ್ತಕರು. ಅಗ್ಗವಿದ್ದ ಕಡೆ ಧಾನ್ಯ ಕೊಂಡು, ತುಟ್ಟಿ ಇದ್ದ ಕಡೆ ಮಾರಿ, ವಾಪಸ್ಸು ಬರುವಾಗ ಉಪ್ಪೋ ಸಕ್ಕರೆಯೋ ಹೇರಿಕೊಂಡು ಬರುವುದು. ಅದೇ ಶತಮಾನದಲ್ಲಿ ಬಂದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ, ಇಕ್ಕಟ್ಟಾದ ದಾರಿಯಲ್ಲಿ ಇವರು ಎದುರಾದರೆ ಇತರರು ಎರಡು ಮೂರು ದಿನ ಕಾಯಬೇಕಾಗುತ್ತದೆ ಅಂತ ಬರೆದಿದ್ದಾನೆ. ಟ್ರಾಫಿಕ್ ಜಾಮ್ ಇಂದಿನದಲ್ಲ ಬಿಡಿ!

ಮೊಗಲರ ದಂಡುಗಳಿಗೆ ದವಸ ಹೊರುತ್ತಾ ಇವರು ದೊಡ್ಡ ಸಂಖ್ಯೆಯಲ್ಲಿ ದಕ್ಷಿಣಕ್ಕೆ ಇಳಿದರು ಅನ್ನುವುದು ಚರಿತ್ರೆಕಾರರ ಸಾಮಾನ್ಯ ಅಭಿಪ್ರಾಯ. ನಮ್ಮ ಚಿಕ್ಕಬಳ್ಳಾಪುರದ ಸೀಮೆಯ ಕಥೆಯಲ್ಲೂ ಇವರಿಗೆ ಪಾಲಿದೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಆಮೇಲೆ ನಿಜಾಮನ ಕುದುರೆ ದಂಡನ್ನು ಸೇರಲು ದೇವನಹಳ್ಳಿ, ಚಿಕ್ಕಬಳ್ಳಾಪುರದ ಮೇಲೆ ಉತ್ತರಕ್ಕೆ ನಡೆದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲ ತನಕ ಹೋದವನು, ಟಿಪ್ಪುವಿನ ಮೇಲೆ ಅರಕೆರೆಯ ಹತ್ತಿರ ಕಾಳಗ ಗೆದ್ದರೂ, ಬರಿಗೈಲಿ ಹಿಂದಿರುಗಿದ. ದಂಡಿಗೆ ಅನ್ನವಿರಲಿಲ್ಲ, ಎತ್ತುಗಳು ಸತ್ತಿದ್ದವು, ದೊಡ್ಡ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಹೋಗಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಅದೇ ಕಾರ್ನ್‌ವಾಲಿಸ್ ಮತ್ತೆ ಹೋಗಿ ಗೆದ್ದ. ನಡುವೆ ಆದದ್ದೇನು? ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅನ್ನುವವನು ಬಂಜಾರರನ್ನು ಒಲಿಸಿ ದವಸ ಪೂರೈಕೆಗೆ ಗೊತ್ತುಮಾಡಿದ್ದ. ಶಾಲೆಯ ಪಾಠದಲ್ಲಿ ನಾವು ಫಿರಂಗಿ, ಒಪ್ಪಂದ, ಒತ್ತೆಯಿಟ್ಟ ಇಬ್ಬರು ರಾಜಕುಮಾರರ ಬಗ್ಗೆ ಓದಿದೆವು. ಗೋಣಿ ಹೊತ್ತ ಗಂಡ ಹೆಂಡಿರ ಬಗ್ಗೆ ಓದಲಿಲ್ಲ.

ಕೆಲಸ ಮುಗಿದ ಮೇಲೆ ಅನುಮಾನ ಶುರು. ಮೈಸೂರು ಸೀಮೆಯಲ್ಲಿ ವರ್ಷಗಟ್ಟಲೆ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯ್ ತನ್ನ ಪುಸ್ತಕದಲ್ಲಿ ಲಂಬಾಡಿಗಳನ್ನು ಕಳ್ಳರು, ಕ್ರೂರಿಗಳು ಅಂತೆಲ್ಲ ಚಿತ್ರಿಸಿದ. ಆಮೇಲೆ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರಿನಲ್ಲಿ ಗಾಡಿ ರಸ್ತೆಗಳಾದವು. 1864ರಲ್ಲಿ ಬೆಂಗಳೂರಿಗೆ ರೈಲು ಬಂತು. 1890ರ ದಶಕದಲ್ಲಿ ಗೌರಿಬಿದನೂರಿನ ಮೇಲೆ ಹಿಂದೂಪುರದ ಕಡೆಗೂ ಹಳಿ ಬಿತ್ತು. ವಾರದ ದಾರಿ ಕೆಲವೇ ಗಂಟೆಗೆ ಇಳಿದಾಗ ಹೇರೆತ್ತು ಏನು ಮಾಡೀತು? ಉಪ್ಪು, ಧಾನ್ಯ ಎರಡೂ ವ್ಯಾಗನ್ ಹತ್ತಿದವು.

ಕಸುಬು ಹೋದದ್ದು ಯಂತ್ರದಿಂದ, ಮರ್ಯಾದೆ ಹೋದದ್ದು ಕಾನೂನಿನಿಂದ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದ ಮೇಲೆ ಪಟ್ಟಿಗೆ ಸೇರಿದ ಜಾತಿಯಲ್ಲಿ ಹುಟ್ಟಿದ್ದೇ ಅಪರಾಧ. ಹೆಸರು ಬರೆಸಬೇಕು, ಹಾಜರಿ ಕೊಡಬೇಕು, ಊರು ಬಿಡಲು ಪರವಾನಗಿ ಬೇಕು. ಹಲವು ಪ್ರಾಂತ್ಯಗಳಲ್ಲಿ ಬಂಜಾರರ ಗುಂಪುಗಳೂ ಈ ಪಟ್ಟಿಗೆ ಬಿದ್ದವು. ನಡೆಯುವುದೇ ಬದುಕಾಗಿದ್ದವರಿಗೆ ನಡೆದರೆ ಶಿಕ್ಷೆ. ಕಾಯಿದೆ ರದ್ದಾದದ್ದು 1952ರಲ್ಲಿ.

ಒಂದು ಪದ ಇಡೀ ಕಥೆ ಹೇಳುತ್ತದೆ. ತಾಂಡಾ ಅಂದರೆ ಮಂಡಿಯ ಕಾಲಕ್ಕೆ ನಡೆಯುವ ಎತ್ತಿನ ಸಾಲು. ಇವತ್ತು ತಾಂಡಾ ಅಂದರೆ ಊರಾಚೆ ನಿಂತುಬಿಟ್ಟ ಲಂಬಾಣಿ ಹಟ್ಟಿ. ನಿಂತರೂ ನೆಲ ತಮ್ಮದಾಗಲಿಲ್ಲ. ಎಷ್ಟೋ ತಾಂಡಾಗಳು ಕಂದಾಯ ದಾಖಲೆಯಲ್ಲಿ ಊರುಗಳೇ ಆಗಿರಲಿಲ್ಲ. ಕರ್ನಾಟಕ 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಮಾಡಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರದಷ್ಟು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ನಡೆಯಿತು. ಇನ್ನೊಂದು ತಮಾಷೆ ನೋಡಿ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ವಿದುರಾಶ್ವತ್ಥದಿಂದ ಸ್ವಲ್ಪ ದೂರ ಹೋಗಿ ಆಂಧ್ರದ ಗಡಿ ದಾಟಿದರೆ ಅದೇ ಜನ ಪರಿಶಿಷ್ಟ ಪಂಗಡ. ಗಡಿಯ ಲೆಕ್ಕವಿಲ್ಲದೆ ನಡೆದವರನ್ನು ಗಡಿಯೇ ಎರಡು ಮಾಡಿತು.

ಹಾಗಾದರೆ ದಾರಿ ಸಂಸಾರ ಮುಗಿಯಿತೇ? ಇಲ್ಲ. ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಲ್ಲಿ ಗಂಡ ಹೆಂಡತಿಯನ್ನು ಸೇರಿಸಿ ಒಂದು 'ಕೊಯ್ತಾ', ಅಂದರೆ ಒಂದು ಕುಡುಗೋಲು, ಅಂತ ಲೆಕ್ಕ ಹಿಡಿದು ಮುಂಗಡ ಕೊಡುತ್ತಾರೆ. ಹಾಗೆ ಹೋಗುವವರಲ್ಲಿ ಬಂಜಾರ ಜೋಡಿಗಳು ಬಹಳ. ನಮ್ಮ ಉತ್ತರ ಕರ್ನಾಟಕದ ತಾಂಡಾಗಳಿಂದಲೂ ಜನ ಕಬ್ಬಿಗೆ, ಗೋವೆಯ ಕಟ್ಟಡ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡು ಹೊರಡುತ್ತಾರೆ. ಹಿಂದೆಯೂ ಇಬ್ಬರೂ ಸೇರಿ ದುಡಿದರು, ಈಗಲೂ ಇಬ್ಬರೂ ಸೇರಿ ದುಡಿಯುತ್ತಾರೆ. ಆಗ ಬೆಲೆ ನೋಡಿ, ದಾರಿ ಆರಿಸಿ, ತಮ್ಮ ಎತ್ತು ಹೊಡೆದುಕೊಂಡು ಹೋದರು. ಈಗ ಮುಂಗಡ ಕೊಟ್ಟವನು ಕರೆದ ಕಡೆ ಹೋಗುತ್ತಾರೆ.

ಅಲೆದಾಡುವ ಬದುಕು ಪಾಪ ಕಷ್ಟ ಅಂತ ನಾವು ಮರುಗುತ್ತೇವೆ. ಅಲೆದಾಟ ಅವರನ್ನು ಕೆಡಿಸಲಿಲ್ಲ ಅಂತ ನನ್ನ ಅನಿಸಿಕೆ. ಕೆಡಿಸಿದ್ದು ಎತ್ತು ಕೈತಪ್ಪಿದ್ದು. ಈ ಮಾತು ಯಾರದೋ ಲಾರಿಯನ್ನು ಸಂಬಳಕ್ಕೆ ಓಡಿಸುತ್ತಾ ಹಿಂದೂಪುರದ ಕಡೆ ಹೋಗುವ ಡ್ರೈವರಿಗೂ ಅನ್ವಯಿಸುತ್ತದೆ, ಅಮೆರಿಕದ ದಂಪತಿಗೂ ಅನ್ವಯಿಸುತ್ತದೆ.

ನಿಮ್ಮೂರಿನ ಪಕ್ಕ ತಾಂಡಾ ಇದ್ದರೆ, ಅಲ್ಲಿನ ಹಿರಿಯರು ಉಪ್ಪಿನ ದಾರಿಯ ಬಗ್ಗೆ ಏನಾದರೂ ಹೇಳಿದ್ದರೆ, ದಯವಿಟ್ಟು ಕೇಳಿಕೊಂಡು ಬಂದು ನಿಮ್ಮ ಬ್ಲಾಗಿನಲ್ಲೂ ಬರೆಯಿರಿ. ಮಂಡಿ, ತವೆರ್ನಿಯೆ ಬರೆದದ್ದು ದಾರಿ ಬಿಟ್ಟುಕೊಟ್ಟು ಪಕ್ಕದಲ್ಲಿ ನಿಂತವರ ಮಾತು. ಹೇರು ಹೊರಿಸಿದವರ ಮಾತು ಇನ್ನೂ ಬರಬೇಕು.