ದೀರ್ಘಾಯುಷ್ಯವೂ ದೀರ್ಘಸೌಮಂಗಲ್ಯವೂ

ಹಿರಿಯರ ಕಾಲಿಗೆರಗಿದ ಹುಡುಗನಿಗೆ ನಮ್ಮ ಮನೆಗಳಲ್ಲಿ ದೊರೆಯುತ್ತಿದ್ದ ಹರಕೆ ‘ದೀರ್ಘಾಯುಷ್ಮಾನ್ ಭವ’ ಎಂಬುದು. ಮದುವೆಯಾದ ಹುಡುಗಿಗೆ ದೊರೆಯುತ್ತಿದ್ದುದು ‘ದೀರ್ಘಸುಮಂಗಲೀ ಭವ’ ಎಂಬುದು. ಎರಡನೆಯದು ಕಿವಿಗೆ ಇಂಪಾಗಿದ್ದರೂ ಅದರಲ್ಲಿ ಬೇಡಿದ ಆಯಸ್ಸು ಅವಳದಲ್ಲ, ಅವಳ ಗಂಡನದು. ಗಂಡನಿಗಿಂತ ಮುಂಚೆ ಕಣ್ಣುಮುಚ್ಚುವುದನ್ನು ಮುತ್ತೈದೆ ಸಾವೆಂದು ಕರೆದು, ಅದನ್ನು ಪುಣ್ಯವೆಂದೆಣಿಸಿದ ಸಮಾಜ ನಮ್ಮದು. ಈ ದೇಶದ ಗಂಡಸರೂ ಹೆಂಗಸರೂ ಎಷ್ಟೆಷ್ಟು ಕಾಲ ಬದುಕಿದರೆಂಬ ನೂರು ವರ್ಷಗಳಿಗೂ ಮಿಕ್ಕ ಲೆಕ್ಕವನ್ನು ತೆರೆದು ನೋಡುವಾಗ ಈ ಎರಡು ಹರಕೆಗಳೂ ನೆನಪಿಗೆ ಬರುತ್ತವೆ.

1901–11ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯಸ್ಸು 22.6 ವರ್ಷ, ಹೆಣ್ಣುಮಗುವಿನದು 23.3 ವರ್ಷ. ಹಾಗೆಂದರೆ ಎಲ್ಲರೂ ಇಪ್ಪತ್ತಮೂರಕ್ಕೆ ಸಾಯುತ್ತಿದ್ದರೆಂದು ತಿಳಿಯಬಾರದು. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಅಂದೂ ಇದ್ದರು. ತೊಟ್ಟಿಲಲ್ಲಿಯೇ ತೀರಿಹೋದ ಲೆಕ್ಕವಿಲ್ಲದಷ್ಟು ಕೂಸುಗಳು ಸರಾಸರಿಯನ್ನು ಅಷ್ಟು ಕೆಳಕ್ಕೆ ಎಳೆದಿದ್ದವು. ಆ ಅಂಕಿಗಳಾದರೂ ನೇರವಾಗಿ ಎಣಿಸಿ ಬಂದವಲ್ಲ. ಖಾನೇಷುಮಾರಿಯವರು ವಯಸ್ಸು ಕೇಳಿದರೆ ಜನ ಐದರ, ಹತ್ತರ ಲೆಕ್ಕದಲ್ಲಿ ಅಂದಾಜು ಹೇಳುತ್ತಿದ್ದರು. ಹಳ್ಳಿಗಳಲ್ಲಿ ವಯಸ್ಸಿನ ಗುರುತೆಂದರೆ ಧಾತು ಈಶ್ವರದ ಬರ, ಪ್ಲೇಗಿನ ವರ್ಷ, ಇಂಥವು. ಗಣಿತಜ್ಞರು ಕುಳಿತು ಈ ಅಂಕುಡೊಂಕುಗಳನ್ನು ತಿದ್ದಿ ಕೋಷ್ಟಕಗಳನ್ನು ಕಟ್ಟಿದರು.

ಆ ಗುರುತುಗಳೇ ಅಂದಿನ ಆಯಸ್ಸಿನ ಚರಿತ್ರೆ. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ 50 ಲಕ್ಷ 55 ಸಾವಿರ; ಧಾತು ಈಶ್ವರದ ಬರ ಕಳೆದ ಮೇಲೆ, 1881ರಲ್ಲಿ, 41 ಲಕ್ಷ 86 ಸಾವಿರ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. 1918ರಲ್ಲಿ ಇನ್‌ಫ್ಲುಯೆನ್ಜಾ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಒಯ್ದಿತು. 1911–21ರ ದಶಕದ ಆಯಸ್ಸು ಗಂಡಿಗೆ 19.4, ಹೆಣ್ಣಿಗೆ 20.9. ಜನಗಣತಿಯ ಚರಿತ್ರೆಯಲ್ಲಿ ಭಾರತದ ಜನಸಂಖ್ಯೆ ಇಳಿದ ದಶಕ ಅದೊಂದೇ.

ಆ ಎರಡು ದಶಕಗಳಲ್ಲಿ ಹೆಣ್ಣೇ ಮುಂದಿದ್ದಳಲ್ಲ ಎಂದು ಯಾರಾದರೂ ಕೇಳಬಹುದು. ಬರಗಾಲದಲ್ಲಿ ಹೆಂಗಸರಿಗಿಂತ ಗಂಡಸರು ಹೆಚ್ಚಾಗಿ ಸಾಯುತ್ತಾರೆಂಬುದು ಅಂದಿನ ಮರಣ ದಾಖಲೆಗಳಿಂದ ತಿಳಿದುಬರುವ ಸಂಗತಿ. ಹಸಿವನ್ನು ತಾಳುವ ಶಕ್ತಿ ಹೆಣ್ಣಿನ ದೇಹಕ್ಕೆ ಹೆಚ್ಚು. ಆದರೆ 1918ರ ಜ್ವರದಲ್ಲಿ ಹೆಚ್ಚು ಸತ್ತವರು ಹೆಂಗಸರು, ಅದರಲ್ಲಿಯೂ ಹೆರುವ ವಯಸ್ಸಿನವರು. ಆದ್ದರಿಂದ ಆ ದಶಕದ ಅಂಕಿಯನ್ನು ನಾನು ಪೂರ್ತಿಯಾಗಿ ನಂಬಲಾರೆ.

ನಿಜವಾದ ಕಥೆ ತೊಡಗುವುದು 1921ರಿಂದ ಈಚೆಗೆ, ಒಳ್ಳೆಯ ದಿನಗಳು ಬಂದ ಮೇಲೆ. 1921–31ರಲ್ಲಿ ಗಂಡಿಗೆ 26.9, ಹೆಣ್ಣಿಗೆ 26.6. 1941–51ರಲ್ಲಿ 32.4 ಮತ್ತು 31.7. 1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಸಿಡುಬಿನ ಮೇಲೆಯೂ ಯುದ್ಧ ಸಾರಲಾಯಿತು. 1961–71ರ ಹೊತ್ತಿಗೆ ಗಂಡಿಗೆ 46.4, ಹೆಣ್ಣಿಗೆ 44.7. ನಲವತ್ತು ವರ್ಷಗಳಲ್ಲಿ ಹೆಣ್ಣಿನ ಆಯಸ್ಸಿಗೆ ಹದಿನೆಂಟು ವರ್ಷ ಕೂಡಿತು. ಆದರೆ ಗಂಡಿಗೂ ಅವಳಿಗೂ ಇದ್ದ ಅಂತರ ಕಡಿಮೆಯಾಗುವ ಬದಲು ಬೆಳೆಯಿತು. ಸೊಳ್ಳೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಜ್ವರ ಬಂದ ಮೇಲೆ ಯಾರನ್ನು ಗಾಡಿಕಟ್ಟಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಯಾರಿಗೆ ಕಷಾಯ ಕುಡಿಸಿ ಮಲಗಿಸುತ್ತಾರೆ ಎಂಬಲ್ಲಿ ಭೇದವಿತ್ತು. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ಉಣ್ಣುವ ಸೊಸೆ, ಎಳೆಯ ವಯಸ್ಸಿನಲ್ಲಿ ಮೇಲಿಂದ ಮೇಲೆ ಬರುತ್ತಿದ್ದ ಬಾಣಂತನಗಳು, ಇವೆಲ್ಲ ಆ ಲೆಕ್ಕದೊಳಗೆ ಅಡಗಿವೆ. 1974ರಲ್ಲಿ ಸ್ತ್ರೀಯರ ಸ್ಥಾನಮಾನವನ್ನು ಕುರಿತ ರಾಷ್ಟ್ರೀಯ ಸಮಿತಿಯ ವರದಿ ಹೊರಬಂದಾಗ, ಸಾವಿರ ಗಂಡಸರಿಗೆ 1901ರಲ್ಲಿ 972ರಷ್ಟಿದ್ದ ಹೆಂಗಸರು 1971ರಲ್ಲಿ 930ಕ್ಕೆ ಇಳಿದಿದ್ದ ಸಂಗತಿ ಓದುಬಲ್ಲವರನ್ನು ಬೆಚ್ಚಿಬೀಳಿಸಿತು.

ಇದು ದೇಶದ ಹಣೆಬರಹವೆಂದು ಹೇಳುವಂತೆಯೂ ಇರಲಿಲ್ಲ. 1970–75ರ ಲೆಕ್ಕದಲ್ಲಿ ಉತ್ತರ ಪ್ರದೇಶದ ಗಂಡಸಿನ ಆಯಸ್ಸು 45.4, ಹೆಂಗಸಿನದು 40.5. ಅದೇ ವರ್ಷಗಳಲ್ಲಿ ಕೇರಳದ ಗಂಡಸಿನದು 60.8, ಹೆಂಗಸಿನದು 63.3. ಒಂದೇ ದೇಶದ ಇಬ್ಬರು ಹೆಣ್ಣುಮಕ್ಕಳ ನಡುವೆ ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಅಂತರ! ಕೇರಳವೇನೂ ಸಿರಿವಂತ ನಾಡಾಗಿರಲಿಲ್ಲ. ಆದರೆ 1817ರಲ್ಲಿಯೇ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿಬಾಯಿಯವರು ವಿದ್ಯೆಯ ವೆಚ್ಚ ರಾಜ್ಯದ್ದೆಂದು ಸಾರಿದ್ದರು. 1879ರಲ್ಲಿ ಆ ಸಂಸ್ಥಾನ ನೌಕರರಿಗೂ ವಿದ್ಯಾರ್ಥಿಗಳಿಗೂ ಸಿಡುಬಿನ ಲಸಿಕೆಯನ್ನು ಕಡ್ಡಾಯ ಮಾಡಿತ್ತು. ಓದುಬಲ್ಲ ತಾಯಿ, ನಡೆದುಹೋಗುವಷ್ಟು ದೂರದಲ್ಲಿ ಆಸ್ಪತ್ರೆ, ಹಲವು ಕುಲಗಳಲ್ಲಿ ತಾಯಿಯ ಕಡೆಯಿಂದ ನಡೆಯುತ್ತಿದ್ದ ವಂಶ: ಇವು ಕೂಡಿ ಆ ಆಯಸ್ಸನ್ನು ಕಟ್ಟಿದವು. ಕರ್ನಾಟಕ ಈ ಎರಡರ ನಡುವೆ ನಿಂತಿತ್ತು: ಗಂಡಿಗೆ 55.4, ಹೆಣ್ಣಿಗೆ 55.1. ಹೆರಿಗೆಗಳ ನಡುವೆ ಅಂತರವಿರಲೆಂದು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆಗೆ ಅಪ್ಪಣೆ ಮಾಡಿದ ಮೈಸೂರು ಇನ್ನೂ ಮುಂದೆ ಇರಬೇಕಿತ್ತೆಂದು ಅನಿಸುತ್ತದೆ.

ದೇಶದ ಸರಾಸರಿಯಲ್ಲಿ ಹೆಣ್ಣು ಗಂಡನ್ನು ದಾಟಿದ್ದು 1981–85ರಲ್ಲಿ: 55.4ಕ್ಕೆ ಎದುರಾಗಿ 55.7. ಸುಮಾರು ನಾಲ್ಕು ತಿಂಗಳ ಅಂತರ, ಅಷ್ಟೆ. 2014–18ರ ಹೊತ್ತಿಗೆ ಗಂಡಿಗೆ 68.2, ಹೆಣ್ಣಿಗೆ 70.7, ಕೇರಳದಲ್ಲಿ 72.5 ಮತ್ತು 77.9. ಬಿಹಾರದಲ್ಲಿ ಆಗಲೂ ಹೆಂಗಸಿನ ಆಯಸ್ಸು ಗಂಡಸಿನದಕ್ಕಿಂತ ಕೊಂಚ ಕಡಿಮೆಯೇ ಇತ್ತು.

ಇನ್ನೊಂದು ವಿಚಿತ್ರವುಂಟು. ಹೆಂಗಸರು ಬೇಗ ಸಾಯುತ್ತಿದ್ದ ಕಾಲದಲ್ಲಿಯೂ ನಮ್ಮಲ್ಲಿ ವಿಧವೆಯರಿಗೆ ಕೊರತೆಯಿರಲಿಲ್ಲ. ಗಂಡ ವಯಸ್ಸಿನಲ್ಲಿ ಬಹಳ ಹಿರಿಯ. ಹೆಂಡತಿ ಸತ್ತರೆ ಅವನಿಗೆ ಮತ್ತೊಂದು ಮದುವೆಯುಂಟು, ಅವಳಿಗಿಲ್ಲ. ಈಗ ಅವಳ ಆಯಸ್ಸೇ ಹೆಚ್ಚಿದೆ. ಗಂಡ ವಯಸ್ಸಿನಲ್ಲಿ ಹಿರಿಯನಾಗಿರುವುದಂತೂ ತಪ್ಪಿಲ್ಲ. ಆದ್ದರಿಂದ ಅವಳು ಗಳಿಸಿದ ವರ್ಷಗಳಲ್ಲಿ ಹಲವು, ಗಂಡನಿಲ್ಲದ ಮನೆಯಲ್ಲಿ, ಬಹುಮಟ್ಟಿಗೆ ಮಕ್ಕಳ ಹಣದಲ್ಲಿ ಕಳೆಯುವ ವರ್ಷಗಳು. ಆ ಕಾಲಕ್ಕೆ ಹೊಂದುವ ಹರಕೆ ನಮ್ಮ ಹಿರಿಯರ ಬಾಯಲ್ಲಿ ಇರಲಿಲ್ಲ.